ಹೊಳೆಸಾಲಿನ ಅಪ್ಪೆ ಹಿತ್ತಿಲಿಗೆ: ಕಸಿಕಡ್ಡಿಯಿಂದ ಮಿಡಿಯವರೆಗೆ

ಒಳ್ಳೆಯ ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿಯ, ಮರ ಮನೆ ಬಾಗಿಲಲ್ಲಿ ಸಿಗುವುದು ಅಪರೂಪ. ಅಘನಾಶಿನಿ, ಬೇಡ್ತಿ, ಶರಾವತಿ, ಕಾಳಿ ಹೊಳೆಗಳ ಸಾಲಿನಲ್ಲಿ, ಬೆಟ್ಟದ ಹಳ್ಳದ ಅಂಚಿನಲ್ಲಿ ಅರವತ್ತು ಎಪ್ಪತ್ತು ಅಡಿ ಎದ್ದುನಿಂತ ಮರಗಳವು. ಅಂಥದ್ದೊಂದು ಜೀರಿಗೆ ವಾಸನೆಯ ಮರವನ್ನು ಹಿತ್ತಿಲಿಗೆ ತರುವ ಕೆಲಸದ ದಾಖಲೆ ಇದು. ತಿಂಗಳ ಲೆಕ್ಕವೆಲ್ಲ ಶಿರಸಿ–ಸಿದ್ದಾಪುರದ ಘಟ್ಟದ ಮೇಲಿನ ಹವೆಗೆ ಹೊಂದುವಂಥದ್ದು. ಕರಾವಳಿಯ ಕುಮಟಾ, ಅಂಕೋಲಾ, ಕಾರವಾರದ ಕಡೆ ಬದಲಾಗುವುದನ್ನು ಅಲ್ಲಲ್ಲೇ ಹೇಳಲಾಗಿದೆ.

ಗೊರಟು ಹಾಕಿದರೆ ಅಪ್ಪೆ ಬರುವುದಿಲ್ಲ, ಬಂದರೆ ಅದೃಷ್ಟ. ಮಾವಿನ ಹೂವಿಗೆ ಸುತ್ತಲಿನ ಯಾವ ಮರದ ಪರಾಗ ಬಿದ್ದಿರುತ್ತದೋ ಹೇಳಲಾಗದು. ಎಂಟು ಹತ್ತು ವರ್ಷ ನೀರು ಗೊಬ್ಬರ ಕೊಟ್ಟು ಬೆಳೆಸಿದ ಸಸಿ ಕೊನೆಗೆ ವಾಸನೆಯೇ ಇಲ್ಲದ ಹುಳಿಮಿಡಿ ಬಿಟ್ಟರೆ ಕೇಳುವವರಿಲ್ಲ. ಹಾಗಾಗಿ ತರಬೇಕಾದ್ದು ಕೊಂಬೆ. ಅದನ್ನೂ ಕಾಡಿನ ಮರದಿಂದ ಒಂದೇ ಸಲ ತರಬೇಕು. ಆ ಒಂದು ಸಲದ ಕಡ್ಡಿಯಿಂದ ಹಿತ್ತಿಲಲ್ಲಿ ತಾಯಿಗಿಡ ಮಾಡಿಕೊಂಡು, ಮುಂದಿನ ಕಸಿಯನ್ನೆಲ್ಲ ಅದರಿಂದಲೇ ಮಾಡಬೇಕು. ಮಿಡಿಗೆ ದರ ಬಂದಮೇಲೆ ಕೊಂಬೆ ಸಮೇತ ಕಡಿದು ಇಳಿಸುವ ಕೊಯ್ಲು ಹೊಳೆಸಾಲಿನ ಎಷ್ಟೋ ಮರಗಳನ್ನು ಬೋಳು ಮಾಡಿದೆ. ಕಸಿಯ ಹೆಸರಿನಲ್ಲಿ ಅದೇ ಮರಕ್ಕೆ ವರ್ಷವರ್ಷವೂ ಕತ್ತರಿ ಹಾಕಿದರೆ ನಾವೂ ಅದನ್ನೇ ಮಾಡಿದ ಹಾಗಾಗುತ್ತದೆ.

ಮರ ಆರಿಸುವುದು: ಫೆಬ್ರವರಿ ಕೊನೆಯಿಂದ ಏಪ್ರಿಲ್

ಮರದ ಗುಣ ತಿಳಿಯುವುದು ಮಿಡಿಯ ಕಾಲದಲ್ಲಿ, ಕಡ್ಡಿ ಕೊಯ್ಯುವುದು ಮಳೆಗಾಲದಲ್ಲಿ. ನಡುವೆ ಮೂರು ನಾಲ್ಕು ತಿಂಗಳ ಅಂತರ. ಆ ಹೊತ್ತಿಗೆ ಹೊಳೆಸಾಲಿನ ಹತ್ತು ಮಾವಿನ ಮರಗಳೂ ಒಂದೇ ತರ ಕಾಣುತ್ತವೆ. ಆದ್ದರಿಂದ ಮಿಡಿ ಕಂಡ ದಿನವೇ ಗುರುತು ಹಾಕಿ: ಮೊಬೈಲಿನಲ್ಲಿ ಜಾಗದ ಪಿನ್, ಬುಡದ ಫೋಟೋ, ಹೊಳೆಯ ಕಡೆಯಿಂದ ಇಡೀ ಮರದ ಫೋಟೋ. ತೊಗಟೆಗೆ ಕತ್ತಿಯ ಗುರುತು ಬೇಡ, ಸೊನೆ ಸೋರಿ ಕೊರಕ ಹುಳವನ್ನು ಕರೆಯುತ್ತದೆ. ತಂಪು ಪಾನೀಯದ ಡಬ್ಬಿಯ ಅಲ್ಯುಮಿನಿಯಂ ಪಟ್ಟಿ ಕತ್ತರಿಸಿ, ಬಾಲ್‌ಪೆನ್ನಿನಿಂದ ಒತ್ತಿ ಬರೆದು, ಸಡಿಲ ತಂತಿಯಲ್ಲಿ ಕಟ್ಟಿದರೆ ಶಾಯಿ ಹೋದರೂ ಅಕ್ಷರದ ತಗ್ಗು ಉಳಿಯುತ್ತದೆ.

ವಾಸನೆ ನೋಡುವುದಕ್ಕೊಂದು ಕ್ರಮವಿದೆ. ಬೆಳಿಗ್ಗೆ ಹೊತ್ತು ಏರುವ ಮೊದಲು ತೊಟ್ಟು ಸಮೇತ ಮಿಡಿ ಕೊಯ್ದುಕೊಳ್ಳಿ, ಆಗ ಸೊನೆ ಜಾಸ್ತಿ. ಮಿಡಿಯನ್ನು ಮುಖದಿಂದ ದೂರ ಹಿಡಿದು ತೊಟ್ಟು ಮುರಿಯಿರಿ. ಸೊನೆ ಚಿಮ್ಮುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ, ಚರ್ಮದ ಮೇಲೆ ಬಿದ್ದರೆ ಸುಟ್ಟ ಕಲೆ. ಒಂದು ಹನಿಯನ್ನು ಸ್ಟೀಲ್ ಚಮಚೆಯ ಮೇಲೆ ಬೀಳಿಸಿ. ತಕ್ಷಣ ಮೂಸಿದರೆ ಮೂಗಿಗೆ ಹೊಡೆಯುವುದು ಬರೀ ಘಾಟು, ಯಾವ ಮಾವಿನ ಸೊನೆಯಲ್ಲೂ ಇರುವಂಥದ್ದು. ಒಂದೆರಡು ನಿಮಿಷ ಬಿಟ್ಟು, ಹನಿ ಅಂಟಂಟಾದ ಮೇಲೆ ಮತ್ತೆ ಮೂಸಿ. ಜೀರಿಗೆಯೋ ಕರ್ಪೂರವೋ ನಿಜವಾದ ಪರಿಮಳ ಆಗ ಹೊರಬರುತ್ತದೆ. ಏನೂ ಉಳಿದಿಲ್ಲ ಅಂದರೆ ಆ ಮರ ಬಿಟ್ಟುಬಿಡಿ.

ವಾಸನೆಯೊಂದೇ ಸಾಲದು, ಮಿಡಿ ತಾಳಬೇಕು. ಒಂದು ಕಿಲೋ ಮಿಡಿಗೆ 250 ಗ್ರಾಂ ಹರಳುಪ್ಪು. ಕೈಯಿಂದ ಕೊಯ್ದ, ತೊಟ್ಟು ಒಂದು ಸೆಂಟಿಮೀಟರ್ ಉಳಿಸಿದ ಮಿಡಿಯನ್ನೇ ಹಾಕಿ. ನೆಲಕ್ಕೆ ಬಿದ್ದದ್ದು ಪೆಟ್ಟು ತಿಂದಿರುತ್ತದೆ, ಅದು ಕೊಳೆತರೆ ಮರದ ದೋಷವೋ ಪೆಟ್ಟಿನ ದೋಷವೋ ಗೊತ್ತಾಗುವುದಿಲ್ಲ. ಗಾಜಿನ ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು, ಮೇಲೊಂದು ತೊಳೆದ ಕಲ್ಲಿನ ಭಾರ. ದಿನಕ್ಕೊಮ್ಮೆ ಕುಲುಕಿದರೆ ವಾರದೊಳಗೆ ನೀರು ಬಿಟ್ಟು ಮಿಡಿ ಸುಕ್ಕಾಗುತ್ತದೆ. ಮಳೆಗಾಲ ಮುಗಿದ ಮೇಲೆ ಕಚ್ಚಿ ನೋಡಿ. ಸಿಪ್ಪೆ ಸುಕ್ಕಾಗಿ ಒಳಗೆ ಗಟ್ಟಿಯಿದ್ದರೆ ಅದು ಉಪ್ಪಿನಕಾಯಿಯ ಮರ. ಮೆತ್ತಗಾಗಿ ಕೈಗೆ ಹಿಸುಕಿ ಬಂದರೆ ಅಪ್ಪೆಹುಳಿಗೆ ಆದೀತು. ಹೊಸದಾಗಿ ಕಂಡ ಮರವಾದರೆ ಕಸಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು ಈ ಪರೀಕ್ಷೆ ಮೊದಲು ಮುಗಿಸುವುದೇ ಸರಿ. ಅನಂತಭಟ್ಟನ ಅಪ್ಪೆ, ಮಾಳಂಜಿ, ದೊಂಬೆಸರ ಜೀರಿಗೆ ಇವೆಲ್ಲ ಹೆಸರು ಉಳಿಸಿಕೊಂಡದ್ದು ಭರಣಿಯಲ್ಲಿ ತಾಳಿದ್ದರಿಂದ.

ಮರ ಯಾರ ಜಾಗದಲ್ಲಿದೆ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಮಾಲ್ಕಿ ಜಾಗವಾದರೆ ಮಾಲೀಕರ ಒಪ್ಪಿಗೆ ಸಾಕು. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕಿನ (ಉದುರಿದ ಒಣ ಎಲೆಯ) ಸವಲತ್ತು, ನೆಲ ಅರಣ್ಯದ್ದೇ. ಅಲ್ಲಿ ಮತ್ತು ಮೀಸಲು ಅರಣ್ಯದಲ್ಲಿ ಕಡ್ಡಿ ಕೊಯ್ಯುವ ಮೊದಲು ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ: ಎಷ್ಟು ಕಡ್ಡಿ, ಯಾವ ಮರ, ಯಾಕೆ. 2011ರಲ್ಲಿ ಘೋಷಣೆಯಾಗಿ 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ, 2011ರದೇ ಬೇಡ್ತಿ ಸಂರಕ್ಷಿತ ಪ್ರದೇಶ ಇವುಗಳ ಒಳಗಂತೂ ಅನುಮತಿಯಿಲ್ಲದೆ ಕೈ ಹಾಕಬಾರದು. ಇನ್ನೊಂದು ಮಾತು: ಮಾವು ಕೊಂಬೆಯಲ್ಲಿ ಬರುತ್ತದೆ, ಆದ್ದರಿಂದ ತಾಯಿಮರಕ್ಕೆ ನಷ್ಟವಿಲ್ಲದೆ ತರಬಹುದು. ಸಿದ್ದಾಪುರದ ಕತ್ತಲೆಕಾನಿನಂಥ ಜಡ್ಡಿಯಲ್ಲಿ (ಜವುಗು ಕಾಡಿನಲ್ಲಿ) ನಿಂತ ರಾಮಪತ್ರೆ ಜಾತಿಯ ಮರಗಳ ಸಸಿಯನ್ನು ಬುಡ ಸಮೇತ ಕಿತ್ತು ತರುವವರಿದ್ದಾರೆ. ವರ್ಷವಿಡೀ ನೀರು ಜಿನುಗುವ ನೆಲ ಹಿತ್ತಿಲಲ್ಲಿ ಇಲ್ಲದ ಮೇಲೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂದಾಗುತ್ತದೆ. ದಯವಿಟ್ಟು ಆ ಕೆಲಸ ಬೇಡ.

ಸೂರು: ಮೇ

ಘಟ್ಟದ ಮೇಲಿನ ಮಳೆಗಾಲದಲ್ಲಿ ಕಸಿಗೆ ಗಾಳಿಯ ತೇವ ಬೇಕಾದಷ್ಟಿದೆ. ಅಪಾಯ ಇರುವುದು ಗಾಯದೊಳಗೆ ಇಳಿಯುವ ಮಳೆನೀರಿನಿಂದ. ಹಾಗಾಗಿ ಬೇಕಾದ್ದು ಮೇಲೆ ಸೋರದ, ಬದಿಯಲ್ಲಿ ಗಾಳಿಯಾಡುವ ಸೂರು. ಸಸಿ ಬೆಳೆಸುವ ಮೂವತ್ತು ಚೀಲಕ್ಕೆ 10 ಅಡಿ ಉದ್ದ, 6 ಅಡಿ ಅಗಲ ಧಾರಾಳ. ಮುಂದೆ 7 ಅಡಿ, ಹಿಂದೆ 5.5 ಅಡಿ ಎತ್ತರ ಇಟ್ಟರೆ ಜಡಿಮಳೆಯಲ್ಲೂ ಶೀಟಿನ ಮೇಲೆ ನೀರು ಹೊಟ್ಟೆ ಕಟ್ಟುವುದಿಲ್ಲ. ಮೇಲಕ್ಕೆ 200 ಮೈಕ್ರಾನಿನ ಯುವಿ ಶೀಟ್, ಮೂರು ಬದಿಗೆ ಶೇಕಡಾ 50ರ ನೆರಳುಬಲೆ, ಗಾಳಿ ಕಡಿಮೆ ಇರುವ ಪೂರ್ವದ ಬದಿ ಖಾಲಿ.

ಚೌಕಟ್ಟಿಗೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಸಾಕು. ಎರಡು ಎಚ್ಚರಿಕೆ. ದಬ್ಬೆಯ ಕಾಲನ್ನು ನೇರ ಮಣ್ಣಿಗೆ ಹುಗಿದರೆ ಬೇಗ ಗೆದ್ದಲಿಗೆ ಆಹಾರ, ಕಲ್ಲಿನ ಮೇಲೆ ನಿಲ್ಲಿಸಿ ಅಥವಾ ಒಂದೂವರೆ ಅಡಿ ಪಿವಿಸಿ ಪೈಪಿನ ತುಂಡಿಗೆ ಇಳಿಸಿ. ದಬ್ಬೆಯ ಅಂಚಿನ ಸಿಬರು ಶೀಟನ್ನು ಗಾಳಿಗೆ ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಶೀಟು ತಾಗುವ ಕಡೆಯೆಲ್ಲ ಹಳೆ ಸೈಕಲ್ ಟ್ಯೂಬು ಸೀಳಿ ಸುತ್ತಿಬಿಡಿ. ಒಳಗೆ ಎರಡೂವರೆ ಅಡಿ ಎತ್ತರದ ದಬ್ಬೆಯ ಅಟ್ಟ. ನೆಲದಲ್ಲಿಟ್ಟ ಚೀಲಕ್ಕೆ ಮಣ್ಣಿನ ಹನಿ ಸಿಡಿದು ಬುಡಕೊಳೆ ಬರುತ್ತದೆ, ಬಸವನಹುಳ ಬೇರೆ.

ಚೀಲ 6×8 ಇಂಚಿನದು, ತಳದಲ್ಲೂ ಬದಿಯಲ್ಲೂ ತೂತಿರಬೇಕು. ಮಿಶ್ರಣ: ಕೆಂಪು ಮಣ್ಣು ಎರಡು ಬುಟ್ಟಿ, ಹೊಳೆಮರಳು ಒಂದು, ಪೂರ್ತಿ ಕಳಿತ ಗೊಬ್ಬರ ಒಂದು. ಗೊಬ್ಬರವನ್ನು ಜರಡಿ ಹಿಡಿಯಲೇಬೇಕು, ಬಿಳಿ ಗೊಬ್ಬರದ ಹುಳ ಒಂದು ಉಳಿದರೂ ಎಳೆ ಬೇರು ಮುಗಿಸುತ್ತದೆ. ಹತ್ತು ಕಿಲೋ ಗೊಬ್ಬರಕ್ಕೆ 100 ಗ್ರಾಂ ಟ್ರೈಕೋಡರ್ಮಾ (ಬುಡಕೊಳೆ ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಒಂದು ವಾರ ಇಡಿ. ಅದೇ ಚೀಲಕ್ಕೆ ಆಮೇಲೆ ಶಿಲೀಂಧ್ರ ಕೊಲ್ಲುವ ಕಾರ್ಬೆಂಡಜಿಂ ಹೊಯ್ದರೆ ಟ್ರೈಕೋಡರ್ಮಾ ಸಾಯುತ್ತದೆ; ಎರಡರಲ್ಲಿ ಒಂದು ಹಿಡಿಯಿರಿ. ಕರಾವಳಿಯಲ್ಲಿ ಸುಲಭಕ್ಕೆ ಸಿಗುತ್ತದೆಂದು ಕಡಲತೀರದ ಮರಳು ಹಾಕಬೇಡಿ, ಉಪ್ಪಿಗೆ ಮಾವಿನ ಎಳೆ ಎಲೆಯ ತುದಿ ಸುಟ್ಟಂತಾಗುತ್ತದೆ.

ಗೊರಟು: ಮೇ ಕೊನೆ, ಜೂನ್ ಮೊದಲು

ಕಡ್ಡಿಯನ್ನು ಕೂಡಿಸುವ ಬೇರುಸಸಿಗೆ ಊರಿನ ಕಾಟು ಮಾವೇ ಒಳ್ಳೆಯದು. ಇಪ್ಪತ್ತು ಕಡ್ಡಿ ತರುವುದಾದರೆ ಮೂವತ್ತು ಸಸಿ ಬೇಕು, ಮೂವತ್ತು ಸಸಿಗೆ ಅರವತ್ತು ಗೊರಟು ಇರಲಿ. ಮಾವಿನ ಗೊರಟು ಒಣಗಿಸಿಡುವ ಬೀಜವಲ್ಲ, ಒಂದು ತಿಂಗಳು ಕಳೆದರೆ ಮೊಳಕೆಯ ಶಕ್ತಿ ಬಹುತೇಕ ಹೋಗಿರುತ್ತದೆ. ಹಣ್ಣು ತಿಂದ ವಾರದೊಳಗೆ ಹಾಕಿ.

ತೊಳೆದು ನೀರಿಗೆ ಬಿಟ್ಟು ತೇಲಿದ್ದನ್ನು ಎಸೆಯಿರಿ. ಉಳಿದದ್ದನ್ನು ಅರ್ಧ ದಿನ ನೆರಳಲ್ಲಿ ಆರಿಸಿ, ಅಂಚಿನಲ್ಲಿ ಕತ್ತರಿ ಹಾಕಿ ಗಟ್ಟಿ ಚಿಪ್ಪು ತೆಗೆದು ಒಳಗಿನ ಬೀಜ ಹೊರಗೆ ತೆಗೆಯಿರಿ. ಹೀಗೆ ಮಾಡಿದರೆ ಮೊಳಕೆ ಬೇಗ, ಒಟ್ಟಿಗೆ ಬರುತ್ತದೆ. ಬೀಜದಲ್ಲಿ ಕಪ್ಪು ಸುರಂಗ ಇದ್ದರೆ ಗೊರಟಿನ ಮೂತಿಹುಳ ಹೊಕ್ಕಿದೆ ಎಂದು ಆಗಲೇ ಗೊತ್ತಾಗುತ್ತದೆ. ನಾಲ್ಕು ಇಂಚು ಮರಳಿನ ಮಡಿಯಲ್ಲಿ ಗೂನುಬೆನ್ನು ಮೇಲೆ ಬರುವಂತೆ ಇಟ್ಟು, ಬೆರಳಗಲ ಮರಳು ಮುಚ್ಚಿ. ತಲೆಕೆಳಗಾಗಿ ಇಟ್ಟರೆ ಕಾಂಡ ಕೊಕ್ಕೆಯಂತೆ ಬಾಗಿ ಬಂದು ಸೀಳು ಹಾಕಲು ಜಾಗವೇ ಸಿಗುವುದಿಲ್ಲ. ಎರಡರಿಂದ ಮೂರು ವಾರಕ್ಕೆ ಮೊಳಕೆ. ಎರಡು ಇಂಚು ಎದ್ದ ಕೂಡಲೇ ಬೀಜ ಕಳಚದಂತೆ ಚೀಲಕ್ಕೆ ಬದಲಿಸಿ, ತಾಯಿಬೇರು ಮಡಚದಂತೆ ನೋಡಿಕೊಳ್ಳಿ. ನೆಕ್ಕರೆಯಂಥ ಕರಾವಳಿಯ ಕೆಲವು ಮಾವಿನಲ್ಲಿ ಒಂದೇ ಗೊರಟಿನಿಂದ ಮೂರು ನಾಲ್ಕು ಮೊಳಕೆ ಏಳುತ್ತವೆ. ದಪ್ಪದ್ದೊಂದನ್ನು ಉಳಿಸಿ ಮಿಕ್ಕದ್ದನ್ನು ಚಿವುಟಿ.

ಕಡ್ಡಿ ಇಳಿಸುವುದು: ಜುಲೈ

ಬೇಕಾದ್ದು ನಾಲ್ಕರಿಂದ ಆರು ತಿಂಗಳ ತುದಿಗೊಂಬೆ, ಪೆನ್ಸಿಲ್ ದಪ್ಪ, ಬಿಸಿಲು ಬೀಳುವ ಹೊರಮೈಯದ್ದು. ಫೆಬ್ರವರಿ–ಮಾರ್ಚಿನಲ್ಲಿ ಹೂ ಬಿಡದೆ ಚಿಗುರಿದ ಕೊಂಬೆ ಪುನರ್ವಸು ಮಳೆಯ ಹೊತ್ತಿಗೆ ಸರಿಯಾಗಿ ಬಲಿತಿರುತ್ತದೆ. ಎಲೆ ಕಡುಹಸಿರು, ಕಾಂಡ ಇನ್ನೂ ಹಸಿರು, ಬೂದು ಬಣ್ಣಕ್ಕೆ ತಿರುಗಿರಬಾರದು. ತುದಿಮೊಗ್ಗು ಉಬ್ಬಿರಬೇಕು, ಬಿರಿದಿರಬಾರದು.

ಪುಸ್ತಕದ ಕ್ರಮವೆಂದರೆ ಕೊಯ್ಯುವ 7–10 ದಿನ ಮೊದಲೇ ಎಲೆಯನ್ನು ತೊಟ್ಟು ಉಳಿಸಿ ಕತ್ತರಿಸಿಬಿಡುವುದು. ಆಹಾರ ಮೊಗ್ಗಿಗೆ ಸೇರಿ ಅದು ಉಬ್ಬುತ್ತದೆ, ತೊಟ್ಟು ಮುಟ್ಟಿದರೆ ಉದುರುತ್ತದೆ. ಹಿತ್ತಿಲ ಗಿಡಕ್ಕೆ ಇದು ಸಲೀಸು. ಎಪ್ಪತ್ತು ಅಡಿ ಎತ್ತರದ, ಪಾಚಿ ಕಟ್ಟಿ ಜಾರುವ ಮರಕ್ಕೆ ಜುಲೈ ತಿಂಗಳಲ್ಲಿ ಎರಡೆರಡು ಸಲ ಹತ್ತಿಸುವುದು ಯಾರಿಗೂ ಬೇಡ. ಕೆಳಗಿನಿಂದ ದೂರದರ್ಶಕ ಹಿಡಿದು ತಾನಾಗಿಯೇ ಮೊಗ್ಗು ಉಬ್ಬಿದ ಕೊಂಬೆ ಗುರುತಿಸಿ, ಅದನ್ನಷ್ಟೇ ಇಳಿಸಿ. ಕಸಿ ಹಿಡಿಯುವ ಪ್ರಮಾಣ ಕಡಿಮೆಯಾಗುತ್ತದೆ, ಇಪ್ಪತ್ತರಲ್ಲಿ ಎಂಟು ಹಿಡಿದರೂ ತಾಯಿಗಿಡಕ್ಕೆ ಅದು ಬೇಕಾದಷ್ಟಾಯಿತು.

ಅಡಿಕೆ ಕೊಯ್ಯುವ ಕೊನೆಗೌಡರ ಕೈಯಲ್ಲಿ ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಡಿಕೆ ಕೊನೆಯ ಕತ್ತಿಯ ಬದಲು ಹಗ್ಗ ಎಳೆದರೆ ಮುಚ್ಚುವ ಕತ್ತರಿ ಸಿಕ್ಕಿಸಿ. ಬರೀ ಕತ್ತಿ ಕೊಂಬೆಯನ್ನು ಜಗ್ಗಿ ಸೀಳುತ್ತದೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ತಂತಿ ಹಾದುಹೋದ ಕಡೆ ಅದನ್ನು ಎತ್ತಲೇಬಾರದು. ಒಂದೇ ಕೊಂಬೆಯಿಂದ ಎಲ್ಲ ಕಡ್ಡಿ ತೆಗೆಯದೆ ಸುತ್ತಲೂ ಹಂಚಿ, ಇಪ್ಪತ್ತಕ್ಕೆ ನಿಲ್ಲಿಸಿ.

ಇಳಿಸಿದ ಕಡ್ಡಿಯ ಎಲೆಯನ್ನು ಕಾಲಿಂಚು ತೊಟ್ಟು ಬಿಟ್ಟು ಅಲ್ಲೇ ಕತ್ತರಿಸಿ, ಇಲ್ಲದಿದ್ದರೆ ಎಲೆ ನೀರು ಹೀರಿ ಕಡ್ಡಿ ಒಣಗಿಸುತ್ತದೆ. ಒದ್ದೆ ಮಾಡಿ ಹಿಂಡಿದ ಪತ್ರಿಕೆಯ ಹಾಳೆ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೊರಗೆ ಅಡಿಕೆ ಹಾಳೆ ಸುತ್ತಿ ಬಳ್ಳಿಯಲ್ಲಿ ಕಟ್ಟಿ. ಹಾಳೆಯೊಳಗೆ ಕಡ್ಡಿ ಮುರಿಯುವುದೂ ಇಲ್ಲ, ಬಿಸಿಯಾಗುವುದೂ ಇಲ್ಲ. ಅದೇ ದಿನ ಕಸಿ ಕಟ್ಟಿದರೆ ಉತ್ತಮ, ತಡವಾದರೆ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಎರಡು ಮೂರು ದಿನ. ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಬಿಟ್ಟ ಕಡ್ಡಿ ನೋಡುವುದಕ್ಕೆ ಹಸಿರಾಗಿದ್ದರೂ ಒಳಗೆ ಬೆಂದಿರುತ್ತದೆ.

ಕಸಿ ಕಟ್ಟುವುದು

ಸಸಿಯ ಎಲೆ ತಾಮ್ರದ ಬಣ್ಣದಲ್ಲಿರುವಾಗಲೇ, ಅಂದರೆ ಮೊಳೆತ 8–15 ದಿನದೊಳಗೆ, ಗೊರಟು ಕಸಿ ಮಾಡಬೇಕು. ಎಲೆ ಹಸಿರಾಯಿತೆಂದರೆ ಆ ಸಸಿಯನ್ನು ಎಸೆಯಬೇಡಿ. ಬೆಳೆಯಲು ಬಿಟ್ಟು ಮುಂದೆ ಹೊಸ ಚಿಗುರು ಬಂದಾಗ ಮೆದುಕಾಂಡ ಕಸಿಗೆ ಬಳಸಬಹುದು.

ಹೊಸ ಬ್ಲೇಡು, ಸ್ಪಿರಿಟ್, ಒಣ ಹತ್ತಿಬಟ್ಟೆ, 200 ಗೇಜಿನ ಪಾಲಿಥೀನನ್ನು ಎರಡು ಸೆಂಟಿಮೀಟರ್ ಅಗಲಕ್ಕೆ ಸೀಳಿದ ಪಟ್ಟಿ, ಐಸ್‌ಕ್ಯಾಂಡಿಯ ಉದ್ದನೆ ಕೊಳವೆ ಚೀಲ. ಇಷ್ಟೇ ಸಾಮಾನು.

ಗೊರಟಿನಿಂದ 5–7 ಸೆಂಟಿಮೀಟರ್ ಮೇಲೆ ಸಸಿಯ ತಲೆ ಅಡ್ಡಕ್ಕೆ ಕತ್ತರಿಸಿ. ನಡುಮಧ್ಯ ನೇರ ಕೆಳಗೆ 3–4 ಸೆಂಟಿಮೀಟರ್ ಸೀಳಿ. ಕಡ್ಡಿಯನ್ನು 10–12 ಸೆಂಟಿಮೀಟರಿಗೆ ಇಳಿಸಿ, ಬುಡದಲ್ಲಿ ಎರಡೂ ಬದಿಯಿಂದ ಅಷ್ಟೇ ಉದ್ದದ ಬೆಣೆ ಕೊಯ್ಯಿರಿ. ಒಂದೊಂದು ಬದಿಗೆ ಒಂದೇ ಎಳೆತ. ಎರಡನೇ ಸಲ ಬ್ಲೇಡು ಆಡಿಸಿದರೆ ಮೈ ಉಬ್ಬುತಗ್ಗಾಗಿ ನಡುವೆ ಗಾಳಿ ಉಳಿಯುತ್ತದೆ, ಅಲ್ಲೇ ಕಪ್ಪು ಶುರು. ಕೊಯ್ದ ಮೈಗೆ ಬೆರಳು ತಾಗಿಸಬೇಡಿ, ಸೊನೆ ಜಿನುಗಿದರೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಬೆಣೆಯನ್ನು ಸೀಳಿಗೆ ಪೂರ್ತಿ ಇಳಿಸಿ. ಕಡ್ಡಿ ಸಸಿಗಿಂತ ಸಣ್ಣದಿದ್ದರೆ ನಡುವಿಗೆ ಇಡದೆ ಒಂದು ಬದಿಗೆ ಸರಿಸಿ, ಆ ಬದಿಯ ಸಿಪ್ಪೆಗೆ ಸಿಪ್ಪೆ ಕೂಡಬೇಕು. ಸಿಪ್ಪೆಯಡಿಯ ತೆಳುಪೊರೆ ಒಂದಕ್ಕೊಂದು ತಾಗಿದಲ್ಲಿ ಮಾತ್ರ ಬೆಸುಗೆ.

ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ, ಅರ್ಧರ್ಧ ಮೇಲೆ ಬರುವಂತೆ ಜಗ್ಗಿ ಸುತ್ತಿ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪದರದ ಬಾಯಿ ಮೇಲ್ಮುಖವಾಗಿ ನೀರು ಒಳಗಿಳಿಯುತ್ತದೆ. ಕೊಳವೆ ಚೀಲವನ್ನು ಟೋಪಿಯಂತೆ ಹಾಕಿ ಕಸಿಯ ಕೆಳಗೆ ಕಟ್ಟಿ. ಚೀಲ ಮೊಗ್ಗಿಗೆ ಅಂಟಬಾರದು, ಮೇಲೆ ಒಂದಿಂಚು ಖಾಲಿ ಇರಲಿ. ಲೇಬಲ್ ಆಗಲೇ ಕಟ್ಟಿ: ಮರದ ಗುರುತು, ತಾರೀಕು. ಎರಡು ಮರದ ಕಡ್ಡಿಯನ್ನು ಒಂದೇ ಹೊತ್ತಿಗೆ ಮೇಜಿನ ಮೇಲಿಡಬೇಡಿ.

ಮೊಗ್ಗು ಬಿರಿಯಲು ಎರಡು ಮೂರು ವಾರ. ಎಲೆ ಬಿಚ್ಚಿಕೊಂಡು ಒಂದು ವಾರ ಆದಮೇಲೆ ಟೋಪಿಯ ಮೂಲೆ ಕತ್ತರಿಸಿ, ಎರಡು ದಿನ ಬಿಟ್ಟು ಸಂಜೆ ಹೊತ್ತು ಪೂರ್ತಿ ತೆಗೆಯಿರಿ. ಚೀಲದ ಮಣ್ಣು ಮುಟ್ಟಿ ನೋಡಿ ನೀರು; ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಸಾಕು. ಸುತ್ತಿದ ಪಟ್ಟಿಯನ್ನು ಮೂರು ತಿಂಗಳಿಗೆ ಬಿಚ್ಚಬೇಕು. ಮರೆತರೆ ಕಾಂಡ ದಪ್ಪಗಾಗುತ್ತ ಪಟ್ಟಿ ಒಳಗೆ ಕೊರೆದು, ಮುಂದೊಂದು ದಿನ ಗಾಳಿಗೆ ಗಿಡ ಅಲ್ಲೇ ಮುರಿಯುತ್ತದೆ.

ಯಾವುದು ಹೋಯಿತು, ಯಾಕೆ ಹೋಯಿತು

ಮೊದಲ ತಿಂಗಳು ಗಿಡ ಹೋದದ್ದನ್ನು ಎಸೆಯುವ ಮೊದಲು ಪಟ್ಟಿ ಬಿಚ್ಚಿ ನೋಡಿದರೆ ಕಾರಣ ಅಲ್ಲೇ ಇರುತ್ತದೆ. ಬೆಣೆ ಕಪ್ಪಾಗಿ ವಾಸನೆ ಬಂದಿದ್ದರೆ ನೀರು ಇಳಿದಿದೆ ಅಥವಾ ಬ್ಲೇಡು ಕೊಳಕು. ಬೆಣೆ ಹಸಿರಾಗಿದ್ದು ಕಡ್ಡಿ ತುದಿಯಿಂದ ಕೆಳಕ್ಕೆ ಕಪ್ಪಾಗಿದ್ದರೆ ಕಡ್ಡಿ ದಾರಿಯಲ್ಲೇ ಸೊರಗಿತ್ತು, ಇಲ್ಲವೇ ಚಿಬ್ಬು ರೋಗ ಜೊತೆಗೇ ಬಂದಿತ್ತು. ಮಣ್ಣಿನ ಮಟ್ಟದಲ್ಲಿ ಕಾಂಡ ಮೆತ್ತಗಾಗಿ ಬಿಳಿ ಬೂಷ್ಟಿದ್ದರೆ ಬುಡಕೊಳೆ: ಆ ಚೀಲ ಹೊರಗೆ ಹಾಕಿ, ಪಕ್ಕದ ಚೀಲಗಳಿಗೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕದಡಿ ಬುಡಕ್ಕೆ ಹೊಯ್ದು, ನೀರು ಕಡಿಮೆ ಮಾಡಿ.

ಹೆಚ್ಚು ನಿರಾಸೆ ತರುವುದು ಸುಳ್ಳು ಚಿಗುರು. ಹದಿನೈದನೇ ದಿನ ಚಂದವಾಗಿ ಎಲೆ ಬಿಚ್ಚುತ್ತದೆ, ಟೋಪಿ ತೆಗೆದ ನಾಲ್ಕು ದಿನಕ್ಕೆ ಜೋತುಬಿದ್ದು ಸಾಯುತ್ತದೆ. ಕಡ್ಡಿಯಲ್ಲಿ ಕೂಡಿಟ್ಟ ಆಹಾರವೇ ಆ ಎಲೆಯನ್ನು ತಳ್ಳಿರುತ್ತದೆ, ಕೆಳಗೆ ಬೆಸುಗೆ ಆಗಿರುವುದೇ ಇಲ್ಲ. ಚಿಗುರು ಕಂಡ ಕೂಡಲೇ ಟೋಪಿ ತೆಗೆಯಬಾರದು ಎನ್ನುವುದು ಇದಕ್ಕೇ. ಎಲೆ ಕೆಂಪಿನಿಂದ ತಿಳಿಹಸಿರಿಗೆ ತಿರುಗುವುದನ್ನು ಕಾಯಬೇಕು. ಬೇರಿನ ನೀರು ಸಿಗದ ಚಿಗುರು ಸಾಮಾನ್ಯವಾಗಿ ಆ ಬಣ್ಣ ಮುಟ್ಟುವ ಮೊದಲೇ ಸೋಲುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಮೋಸ. ಕಸಿಯ ಕೆಳಗಿನಿಂದ ಬೇರುಸಸಿಯದೇ ಚಿಗುರು ಏಳುತ್ತದೆ, ಅದು ಮೇಲಿನದಕ್ಕಿಂತ ಹುರುಪಿನದು. ವಾರಕ್ಕೊಮ್ಮೆ ಉಗುರಿನಲ್ಲಿ ಚಿವುಟದಿದ್ದರೆ ಅಪ್ಪೆ ಸೊರಗಿ ಕಾಟು ಮಾವು ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಅಪ್ಪೆ ಎಂದು ಬೆಳೆದ ಮರ ಹುಳಿ ಮಾವು ಬಿಟ್ಟಿರುವುದರ ಹಿಂದೆ ಇರುವುದು ಇದೇ.

ಚಿಗುರೆಲೆ ಕತ್ತರಿಯಲ್ಲಿ ಕತ್ತರಿಸಿದಂತೆ ತೊಟ್ಟಿನ ಹತ್ತಿರ ನೇರ ತುಂಡಾಗಿ ಕೆಳಗೆ ಬಿದ್ದಿದ್ದರೆ ಎಲೆ ಕತ್ತರಿಸುವ ಮೂತಿಹುಳ ಬಂದಿದೆ. ಬಿದ್ದ ತುಂಡನ್ನು ಬೆಳಕಿಗೆ ಹಿಡಿದರೆ ನಡುನರದ ಹತ್ತಿರ ಮೊಟ್ಟೆಯಿಟ್ಟ ಸಣ್ಣ ಚುಕ್ಕೆಗಳು ಕಾಣುತ್ತವೆ. ಹುಳ ಮೊಟ್ಟೆ ಇಟ್ಟಮೇಲೇ ಎಲೆ ಕತ್ತರಿಸುವುದು, ಮರಿ ಬಿದ್ದ ಎಲೆಯೊಳಗೆ ಬೆಳೆದು ಮಣ್ಣಿಗೆ ಇಳಿಯುತ್ತದೆ. ದಿನಾ ಸಂಜೆ ತುಂಡೆಲೆ ಗುಡಿಸಿ ಒಲೆಗೆ ಹಾಕಿದರೆ ಔಷಧಿಯ ಗೊಡವೆಯೇ ಬೇಕಿಲ್ಲ.

ಹಳೆ ಮರದ ತಲೆ ಬದಲಿಸುವುದು

ಹಿತ್ತಿಲಲ್ಲಿ ಯಾರೂ ತಿನ್ನದ ಹುಳಿ ಮಾವಿನ ಮರ ಇದ್ದರೆ ಅದರ ಬೇರನ್ನೇ ಬಳಸಬಹುದು. ಮಿಡಿ ಬೇಗ ಸಿಗುತ್ತದೆ, ಕೆಲಸ ಮಾತ್ರ ಒರಟು. ಅಂಕೋಲಾ ಕಡೆಯವರು ತಮ್ಮೂರಿನ ಹೆಸರಾದ ಮಾವು ಕರಿ ಇಷಾಡಿನ ಮರಕ್ಕೆ ದಯವಿಟ್ಟು ಗರಗಸ ಇಡಬೇಡಿ, ಅದು ಅದರದೇ ಆದ ಸಂಪತ್ತು.

ಫೆಬ್ರವರಿಯಲ್ಲಿ ದೊಡ್ಡ ಕೊಂಬೆಗಳನ್ನು ಕವಲಿನಿಂದ ಒಂದೂವರೆ ಅಡಿ ಬಿಟ್ಟು ಕೊಯ್ಯಿರಿ. ಮೊದಲು ಕೆಳಗಿನಿಂದ ಕಾಲು ಭಾಗ ಗರಗಸ, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಬುಡದವರೆಗೆ ಸಿಪ್ಪೆ ಎಳೆದುಕೊಂಡು ಹೋಗುತ್ತದೆ. ಎಲೆ ತುಂಬಿದ ಒಂದು ಕೊಂಬೆ ಉಳಿಸಲೇಬೇಕು, ಬೇರಿಗೆ ಆಹಾರ ಹೋಗುವುದು ಅದರಿಂದ. ಕೊಯ್ದ ಮೈ ಇಳಿಜಾರಾಗಿರಲಿ, ಮೇಲೆ ಬೋರ್ಡೋ ಮುಲಾಮು: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಒಂದೊಂದು ಕಿಲೋಗೆ ನೂರು ಲೀಟರು, ಇದು ಅದರ ಹತ್ತು ಪಟ್ಟು ಗಟ್ಟಿ. ಕಬ್ಬಿಣದ ಪಾತ್ರೆ ಬೇಡ. ನೆರಳು ಹೋಗಿ ಬಿಸಿಲು ಬೀಳುವ ಕಾಂಡಕ್ಕೆ ಸುಣ್ಣ ಬಳಿಯಿರಿ, ತೊಗಟೆ ಸುಟ್ಟು ಬಿರಿದಲ್ಲೇ ಕಾಂಡಕೊರಕ ಮೊಟ್ಟೆ ಇಡುವುದು. ಬುಡದಲ್ಲಿ ಮರದ ಹೊಟ್ಟು ಕಂಡರೆ ತೂತು ಹುಡುಕಿ ತಂತಿ ತೂರಿಸಿ ಹುಳವನ್ನು ಎಳೆಯಿರಿ.

ಮೇ ಮೊದಲ ವಾರಕ್ಕೆ ಚಿಗುರು ಪೆನ್ಸಿಲ್ ದಪ್ಪವಾಗುತ್ತದೆ. ಒಂದು ಕೊಂಬೆಗೆ ಮೂರು ನಾಲ್ಕು, ಹೊರಮುಖವಾಗಿರುವ ಗಟ್ಟಿ ಚಿಗುರು ಉಳಿಸಿ, ಅದಕ್ಕೆ ಹಿತ್ತಿಲ ತಾಯಿಗಿಡದಿಂದ ಎಲೆ ಮೊದಲೇ ತೆಗೆದಿಟ್ಟ ಕಡ್ಡಿಯನ್ನು ಅದೇ ಬೆಣೆ ಕ್ರಮದಲ್ಲಿ ಕಟ್ಟಿ. ಮೇ ಬಿಸಿಲಿಗೆ ಪ್ಲಾಸ್ಟಿಕ್ ಟೋಪಿಯೊಳಗೆ ಕಡ್ಡಿ ಬೇಯುತ್ತದೆ, ಮೇಲೆ ಪತ್ರಿಕೆಯ ಕಾಗದವನ್ನು ಕೊಟ್ಟೆ ಕಟ್ಟಿ ಮುಚ್ಚಿ. ಮೃಗಶಿರ ಮಳೆ ಹಿಡಿಯುವ ಮೊದಲು ಮೂರು ನಾಲ್ಕು ವಾರ ಸಿಗಲೇಬೇಕು. ಚಗಳಿ (ಕೆಂಪಿರುವೆ) ಗೂಡು ಕಟ್ಟಿದರೆ ಕಚ್ಚುತ್ತದೆಂದು ಕೆಡವಬೇಡಿ, ಎಲೆ ತಿನ್ನುವ ಹುಳ ಅದರ ಭಯಕ್ಕೆ ಹತ್ತಿರ ಸುಳಿಯುವುದಿಲ್ಲ. ಉಳಿಸಿದ ಹಳೆ ಕೊಂಬೆಯನ್ನು ಮುಂದಿನ ವರ್ಷ ತೆಗೆದರಾಯಿತು.

ನೆಡುವುದು

ಚೀಲದ ಗಿಡವನ್ನು ಮುಂದಿನ ಜೂನಿನಲ್ಲಿ ನೆಡಿ. ಮೂರಡಿ ಗುಂಡಿಯನ್ನು ಏಪ್ರಿಲಿನಲ್ಲೇ ತೆಗೆದು ಬಿಸಿಲು ತಾಗಲು ಬಿಟ್ಟಿರಬೇಕು. ಮೇಲ್ಮಣ್ಣು, ಎರಡು ಬುಟ್ಟಿ ಕಳಿತ ಗೊಬ್ಬರ, ದರಕು. ಹೊಳೆಯಂಚಿನ ಮರವೆಂದು ನೀರು ನಿಲ್ಲುವ ಜಾಗದಲ್ಲಿ ನೆಡುವವರಿದ್ದಾರೆ. ಹೊಳೆಯಂಚಿನಲ್ಲಿ ನೀರು ಹರಿದುಹೋಗುತ್ತದೆ, ಗುಂಡಿಯಲ್ಲಿ ನಿಂತು ಬೇರು ಕೊಳೆಯುತ್ತದೆ. ಜಂಬಿಟ್ಟಿಗೆ ಗಟ್ಟಿ ನೆಲದಲ್ಲಿ ಗುಂಡಿ ಬಾನಿಯಂತಾಗದ ಹಾಗೆ ಇಳಿಜಾರಿನ ಬದಿಗೊಂದು ಕಾಲುವೆ ಬಿಡಿ. ಕಸಿಯ ಗಂಟು ಮಣ್ಣಿನಲ್ಲಿ ಹೂತುಹೋಗದೆ ಮೇಲಿರಲಿ. ಗಿಡದಿಂದ ಗಿಡಕ್ಕೆ 25–30 ಅಡಿ. ಕಾರವಾರದ ಕಡಲಗಾಳಿ ನೇರ ಹೊಡೆಯುವಲ್ಲಿ ಪಶ್ಚಿಮಕ್ಕೆ ಮೊದಲೆರಡು ವರ್ಷ ತೆಂಗಿನ ಗರಿಯ ತಟ್ಟಿ ಬೇಕು. ಬೆಟ್ಟದಂಚಿನ ಮನೆಯಾದರೆ ಸುತ್ತ ಮುಳ್ಳು ಕಟ್ಟಿ, ಕಾಡುಕುರಿಗೆ ಮಾವಿನ ಚಿಗುರೆಂದರೆ ಪ್ರಾಣ.

ಡಿಸೆಂಬರಿನಿಂದ ಮೇವರೆಗೆ ವಾರಕ್ಕೆ ಎರಡು ಸಲ ಹತ್ತು ಹತ್ತು ಲೀಟರ್ ನೀರು, ಬುಡಕ್ಕೆ ಅರ್ಧ ಅಡಿ ದರಕು, ಕಾಂಡಕ್ಕೆ ತಾಗದಂತೆ. ಕಸಿ ಗಿಡ ಎರಡನೇ ವರ್ಷವೇ ಹೂ ಬಿಡುತ್ತದೆ. ಮೂರು ವರ್ಷದವರೆಗೆ ಹೂಗೊನೆ ಕಿತ್ತುಹಾಕಿ. ಎರಡೂವರೆ ಅಡಿಯಲ್ಲಿ ತಲೆ ಚಿವುಟಿ ಮೂರು ನಾಲ್ಕು ಕವಲು ಬಿಡಿಸಿದರೆ ಮಿಡಿ ಕೈಗೆ ಸಿಗುವ ಎತ್ತರದಲ್ಲಿ ಉಳಿಯುತ್ತದೆ, ಕೊಂಬೆ ಕಡಿಯುವ ಪ್ರಶ್ನೆಯೇ ಬರುವುದಿಲ್ಲ.

ತಾಯಿಗಿಡವೆಂದು ಎರಡು ಗಿಡ ಬೇರೆ ಬೇರೆ ಕಡೆ ಇರಲಿ, ಒಂದು ನಿಮ್ಮ ಹಿತ್ತಿಲಲ್ಲಿ, ಇನ್ನೊಂದು ಮರ ಇದ್ದ ಊರಿನ ಮನೆಯಲ್ಲಿ. ಮೊದಲ ಮಿಡಿ ಬಂದ ವರ್ಷ ಮತ್ತೆ ಅದೇ ಚಮಚೆಯ ಪರೀಕ್ಷೆ, ಅದೇ ಉಪ್ಪಿನ ಭರಣಿ. ಹೊಳೆಸಾಲಿನ ಮರದ ಮಿಡಿಯನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಗಾತ್ರದಲ್ಲಿ ವ್ಯತ್ಯಾಸ ಕಂಡರೆ ಚಿಂತೆಯಿಲ್ಲ, ಮಣ್ಣು ನೀರಿನ ಪ್ರಭಾವ ಅದು. ವಾಸನೆಯೇ ಬೇರೆಯಾಗಿದ್ದರೆ ಬೇರುಸಸಿಯ ಚಿಗುರು ಗಿಡವಾಗಿದೆ ಎಂದರ್ಥ. ಬುಡದ ಗಂಟು ಹುಡುಕಿ ನೋಡಿ, ಅದರ ಕೆಳಗಿನಿಂದ ಕವಲೊಡೆದಿದ್ದರೆ ಆ ಗಿಡದಿಂದ ಯಾರಿಗೂ ಕಡ್ಡಿ ಕೊಡಬೇಡಿ, ಫೆಬ್ರವರಿಯಲ್ಲಿ ತಲೆ ಕೊಯ್ದು ಮೇ ತಿಂಗಳಲ್ಲಿ ಮತ್ತೆ ಕಸಿ ಕಟ್ಟಿ.